ಓದುಗರ ಪ್ರಶ್ನೆ: ಅಜ್ಜಿಯ ಸಮಾಧಿಗೆ ಆ್ಯಸಿಡ್ ಹಾಕಬಹುದಾ?

ಪ್ರಶ್ನೆ: ಅಕ್ಕಾ, ನಾನು ದುಬೈಯಲ್ಲಿದ್ದೇನೆ. ನವೆಂಬರ್ 2ಕ್ಕೆ, ಮೃತರ ಸ್ಮರಣೆಯ ದಿನಕ್ಕೆ, ಊರಿಗೆ ಬರುತ್ತಿದ್ದೇನೆ. ಅಜ್ಜಿಯ ಸಮಾಧಿ ಕೆಂಪುಕಲ್ಲಿನದು, ಮೇಲೆ ಸಿಮೆಂಟ್ ಸಾರಣೆ, ತಲೆಯ ಹತ್ತಿರ ಮಾರ್ಬಲ್ ಫಲಕ. ಕಪ್ಪಗೆ ಪಾಚಿ ಹಿಡಿದು ಹೆಸರೇ ಕಾಣುವುದಿಲ್ಲವಂತೆ. ಆ್ಯಸಿಡ್ ಹಾಕಿ ಉಜ್ಜಿದರೆ ಬೆಳ್ಳಗಾಗುತ್ತದೆ ಎಂದು ತಮ್ಮ ಹೇಳುತ್ತಾನೆ. ಹಾಕಬಹುದಾ?
– ಓದುಗರು, ಬೇಳ

ಉತ್ತರ: ಬೇಡ. ದಯವಿಟ್ಟು ಬೇಡ. ಮಾರ್ಬಲ್ ಅಂದರೆ ಸುಣ್ಣದ ಅಂಶದ ಕಲ್ಲು, ಆ್ಯಸಿಡ್ ಅದನ್ನೇ ತಿನ್ನುತ್ತದೆ. ಹಾಕಿದ ಕೂಡಲೇ ಬುರಬುರ ನೊರೆ ಬರುತ್ತದಲ್ಲ, ಅದು ಕೊಳೆ ಹೋಗುವುದಲ್ಲ, ಕಲ್ಲೇ ಕರಗುವುದು. ಆ ದಿನ ಬೆಳ್ಳಗೆ ಕಾಣುತ್ತದೆ ನಿಜ. ಆದರೆ ಹೊಳಪು ಹೋಗಿ ಕಲ್ಲು ದೊರಗಾಗುತ್ತದೆ, ಮುಂದಿನ ಮಳೆಗಾಲದಲ್ಲಿ ಪಾಚಿ ಇನ್ನೂ ಬೇಗ ಹಿಡಿಯುತ್ತದೆ, ಸಣ್ಣಗೆ ಕೆತ್ತಿದ ಅಕ್ಷರ ಸವೆದು ಹೋಗುತ್ತದೆ. ಬ್ಲೀಚಿಂಗ್ ಪೌಡರ್, ತಂತಿ ಬ್ರಶ್, ಕಾರು ತೊಳೆಯುವ ಪ್ರೆಷರ್ ಪಂಪು, ಇವೂ ಬೇಡ.

ನೀರು ಸಾಕು. ಮೊದಲು ಕಲ್ಲು ಚೆನ್ನಾಗಿ ನೆನೆಯುವಷ್ಟು ನೀರು ಹಾಕಿ, ಸ್ವಲ್ಪ ಹೊತ್ತು ಬಿಡಿ. ಗಟ್ಟಿ ಹಿಡಿದ ಪಾಚಿಯನ್ನು ಬಿದಿರಿನ ಚಕ್ಕೆಯಿಂದ ಮೆಲ್ಲ ಎಬ್ಬಿಸಿ. ಆಮೇಲೆ ಮೆತ್ತಗಿನ ಬ್ರಶ್ಶಿನಲ್ಲಿ ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ, ಮೇಲಿನಿಂದ ಶುರು ಮಾಡಿದರೆ ಕೊಳೆ ನೀರು ಇಳಿದು ಕೆಳಗೆಲ್ಲ ಗೆರೆ ಬೀಳುತ್ತದೆ. ಅಕ್ಷರಗಳ ಸಂದಿಗೆ ಹಳೆಯ ಟೂತ್‌ಬ್ರಶ್ ಒಳ್ಳೆಯದು. ಹೆಸರು ಓದಲು ಚಾಕ್‌ಪೀಸ್ ತಿಕ್ಕಬೇಡಿ, ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿ, ಅಥವಾ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಎದ್ದು ಕಾಣುತ್ತದೆ. ಇಷ್ಟಾದ ಮೇಲೂ ಸ್ವಲ್ಪ ಕಪ್ಪು ಉಳಿದರೆ ಉಳಿಯಲಿ. ಹಳೆಯ ಕಲ್ಲು ಹಳೆಯದಾಗಿಯೇ ಕಂಡರೆ ಅಜ್ಜಿಗೆ ಅವಮಾನ ಏನೂ ಅಲ್ಲ.

ಇನ್ನು ಕೆಂಪುಕಲ್ಲು. ಕಡಿದು ತೆಗೆಯುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಮೈಯೆಲ್ಲ ತೂತು, ಹಾಗಾಗಿ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಬಿಡುತ್ತದೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಮೇಲೆ ಗಟ್ಟಿ ಸಿಮೆಂಟ್ ಮೆತ್ತಿದರೆ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದ ಕಡೆ ಸಾರಣೆ ಆಗಲೇ ಕಲ್ಲು ಬಿಟ್ಟಿದೆ. ಅಂಥ ಜಾಗಕ್ಕೆ ಮತ್ತೆ ಸಿಮೆಂಟ್ ಮೆತ್ತಿಸಬೇಡಿ. ಸುಣ್ಣದ ಗಾರೆ ಮಾಡಲು ಬರುವ ಹಳೆಯ ಮೇಸ್ತ್ರಿ ಊರಲ್ಲಿ ಸಿಕ್ಕರೆ ಅವರಿಂದಲೇ ಮಾಡಿಸಿ. ಸಂದಿಯಲ್ಲಿ ಗೋಳಿಯದೋ ಅಶ್ವತ್ಥದ್ದೋ ಸಣ್ಣ ಸಸಿ ಕಂಡರೆ ಈ ವರ್ಷವೇ ತೆಗೆಯಿರಿ. ಬೇರು ದಪ್ಪ ಆಗಿದ್ದರೆ ಎಳೆಯಬಾರದು, ಕಲ್ಲೂ ಜೊತೆಗೆ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಚಿಗುರಿದಾಗಲೆಲ್ಲ ಚಿವುಟುತ್ತಾ ಇರಲು ಯಾರಿಗಾದರೂ ಹೇಳಿ ಹೋಗಿ.

ಕ್ಯಾಂಡಲನ್ನು ನೇರ ಮಾರ್ಬಲ್ ಮೇಲೆ ಇಡಬೇಡಿ, ಮೇಣ ಇಳಿದರೆ ಕಲೆ ಹೋಗುವುದಿಲ್ಲ. ಒಂದು ಮಣ್ಣಿನ ಚಟ್ಟಿಯಲ್ಲಿ ಮರಳು ತುಂಬಿ ಅದರಲ್ಲಿ ನಿಲ್ಲಿಸಿ. ಹೂವಿನ ಪ್ಲಾಸ್ಟಿಕ್ ಕವರು ನಿಮ್ಮ ಚೀಲದಲ್ಲೇ ವಾಪಸ್ ಬರಲಿ. ಮತ್ತೆ, ಕೆಲಸ ಶುರು ಮಾಡುವ ಮೊದಲು ಇಗರ್ಜಿಯ ಆಫೀಸಿನಲ್ಲಿ ಒಂದು ಮಾತು ಕೇಳಿ. ನಿಮ್ಮ ಬೇಳದ ಇಗರ್ಜಿ 1890ರದು, ಇಷ್ಟು ಹಳೆಯ ಕಡೆ ಪಕ್ಕದ ಸಮಾಧಿಯ ಅಂಚು ಎಲ್ಲಿ ಮುಗಿಯುತ್ತದೆ ಅನ್ನುವುದೂ ಹೊಸಬರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ವಾರ್ಡಿನ ಸಾರ್ವಜನಿಕ ಸ್ಮಶಾನದಲ್ಲಿ ಕಮ್ಯುನಿಸ್ಟ್ ಗಿಡ ಎನ್ನುವ ಕಳೆ ಆಳೆತ್ತರ ಬೆಳೆದಿದೆ. ಹೆಣ ಹೊತ್ತುಕೊಂಡು ಹೋಗಲು ದಾರಿ ಇಲ್ಲ. ಯಾರನ್ನು ಕೇಳಬೇಕು?
– ಹೆಸರು ಬೇಡ, ಮಂಜೇಶ್ವರ

ಉತ್ತರ: ಪಂಚಾಯತನ್ನು. ಇದು ದಾನ ಕೇಳುವ ವಿಷಯ ಅಲ್ಲ, ಅವರ ಹೊಣೆ. ಕೇರಳದಲ್ಲಿ 1994ರ ಪಂಚಾಯತ್ ರಾಜ್ ಕಾನೂನಿದೆ, ಅದರ ಕೆಳಗೆ ಸ್ಮಶಾನಗಳಿಗೇ ಅಂತ 1998ರ ಬೇರೆ ನಿಯಮಗಳಿವೆ. ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು. ಅಲ್ಲಿ ಎದ್ದು ನಿಂತು ಹೇಳಿ, ಬರೆದೂ ಕೊಡಿ, ಹೇಳಿದ್ದು ನಡಾವಳಿ ಪುಸ್ತಕಕ್ಕೆ ಹತ್ತಿದೆಯಾ ನೋಡಿ. ಅರ್ಜಿ ಕನ್ನಡದಲ್ಲೇ ಬರೆಯಿರಿ. 1969ರ ಕೇರಳದ ಭಾಷಾ ಕಾನೂನಿನ ಪ್ರಕಾರ ನಮ್ಮ ಕಡೆಯ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅರ್ಜಿ ಕೊಟ್ಟದ್ದಕ್ಕೆ ರಶೀದಿ ತೆಗೆದುಕೊಳ್ಳದೆ ಬರಬೇಡಿ. ಸುಮ್ಮನಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಹೇಳಲೇಬೇಕು.

ಕಾಡು ಕಡಿಯುವುದಕ್ಕಿಂತ ಮೊದಲು ಜಾಗ ಅಳೆಸಲು ಹೇಳಿ. ಗಡಿಕಲ್ಲು ಕಾಣದ ಸ್ಮಶಾನ ವರ್ಷ ವರ್ಷ ಸಣ್ಣದಾಗುತ್ತಾ ಹೋಗುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ನನಗೆ ಇದು ತುಂಬಾ ಬೇಸರದ ವಿಷಯ. ತೋಟ ಇದ್ದವರು ಸತ್ತವರನ್ನು ತಮ್ಮ ಜಾಗದಲ್ಲೇ ಸುಟ್ಟು ದೂಪೆ (ಅದರ ಮೇಲಿನ ಮಣ್ಣಿನ ದಿಬ್ಬ) ಮಾಡಿ ತುಳಸಿ ನೆಡುತ್ತಾರೆ. ಕಾಲನಿಯಲ್ಲಿ ಮೂರು ಸೆಂಟ್ಸಿನ ಮನೆಯವರು ಎಲ್ಲಿಗೆ ಹೋಗಬೇಕು? ಸಾರ್ವಜನಿಕ ಸ್ಮಶಾನದ ಕಾಡು ಅವರ ಮೇಲೆಯೇ ಬೀಳುತ್ತದೆ, ಅದೂ ಮನೆಯಲ್ಲಿ ಹೆಣ ಇರುವಾಗ.

ಕಡಿಯಲು ಅಕ್ಟೋಬರ್ ಕೊನೆ ಒಳ್ಳೆಯದು. ಮಣ್ಣು ಇನ್ನೂ ಮೆದು ಇರುತ್ತದೆ, ಕಮ್ಯುನಿಸ್ಟ್ ಗಿಡಕ್ಕೆ ಬೀಜ ಆಗಿರುವುದಿಲ್ಲ. ಕತ್ತಿಯಲ್ಲಿ ಸವರಿದರೆ ಅಥವಾ ಬೆಂಕಿ ಕೊಟ್ಟರೆ ಬುಡದಿಂದ ಮತ್ತೆ ಚಿಗುರುತ್ತದೆ, ಪಿಕ್ಕಾಸಿನಲ್ಲಿ ಬೇರು ಸಮೇತ ಕೀಳಬೇಕು. ಗಂಬೂಟು ಇಲ್ಲದೆ ಯಾರೂ ಒಳಗೆ ಇಳಿಯಬೇಡಿ, ಕೊಳಕುಮಂಡಲ ಇರುವ ಜಾಗ ಅದು.

ಪ್ರಶ್ನೆ: ನಮ್ಮ ಮಸೀದಿಯ ಕಬರಸ್ಥಾನಕ್ಕೆ ಕಳೆ ಔಷಧಿ ಹೊಡೆದು ನೆಲಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸೋಣ ಎಂದು ಕೆಲವರು ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯ?
– ಓದುಗರು, ಉಪ್ಪಳ

ಉತ್ತರ: ಎರಡೂ ಬೇಡ ಅನ್ನುತ್ತೇನೆ. ಹಳೆಯ ಖಬರುಗಳಲ್ಲಿ ಎಷ್ಟಕ್ಕೋ ಮೀಸಾನ್ ಕಲ್ಲು, ಅಂದರೆ ಗುರುತಿಗೆ ನೆಟ್ಟ ಕಲ್ಲು, ಬಿದ್ದು ಹೋಗಿರುತ್ತದೆ, ನೆಲ ಒಂಚೂರು ಉಬ್ಬಿರುವುದೊಂದೇ ಗುರುತು. ಜೆಸಿಬಿ ತಂದು ನೆಲ ಸಮ ಮಾಡಿದರೆ ಆ ಗುರುತೂ ಹೋಯಿತು. ಗೇಟಿನಿಂದ ನಡೆಯುವ ದಾರಿಗೆ ಮಾತ್ರ ಇಂಟರ್‌ಲಾಕ್ ಸಾಕು, ಅದೂ ಹಿರಿಯರನ್ನು ಕೇಳಿ, ಖಬರು ಇಲ್ಲದ ಕಡೆ. ಮಿಕ್ಕ ಕಡೆ ಮಳೆ ನೀರು ಇಂಗಲಿ.

ಔಷಧಿ ಹೊಡೆದರೆ ಕಳೆಯ ಜೊತೆ ಮನೆಯವರು ನೆಟ್ಟ ಮದರಂಗಿ ಗಿಡವೂ ಸಾಯುತ್ತದೆ. ಬರಿದಾದ ಮಣ್ಣು ಜೂನ್ ಮಳೆಗೆ ಕೊಚ್ಚಿ ಹೋಗಿ ಖಬರಿನ ಅಂಚು ಕುಸಿಯುತ್ತದೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ನೋಡಿದ ಜಿಲ್ಲೆ ನಮ್ಮದು, 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ತಡೆಯಿತು. ಇದು ಬೇರೆ ಔಷಧಿ, ಗೊತ್ತು. ಆದರೂ ಪಕ್ಕದಲ್ಲಿ ಬಾವಿ ಇರುವ ಜಾಗಕ್ಕೆ ವಿಷ ಹೊಡೆಯುವ ಮೊದಲು ನಾವು ಎರಡು ಸಲ ಯೋಚಿಸಬೇಕು, ಅಲ್ವಾ? ಹುಲ್ಲು ಕತ್ತರಿಸುವ ಮೆಷಿನ್ ವರ್ಷಕ್ಕೆ ಎರಡು ಸಲ ಬಾಡಿಗೆಗೆ ತನ್ನಿ, ಕಲ್ಲುಗಳ ಸುತ್ತ ಮಾತ್ರ ಕೈಯಲ್ಲೇ ಕತ್ತರಿಸಿ. ಮೆಷಿನಿನ ದಾರ ತಾಗಿದರೆ ಕಲ್ಲಿನ ಅಂಚು ಹಾರುತ್ತದೆ.

ಪ್ರಶ್ನೆ: ನಮ್ಮವರು ಯಾರೂ ಇಲ್ಲದ ಸಮಾಧಿ ಜಾಗಕ್ಕೆ ಸುಮ್ನೆ ನೋಡಲು ಹೋಗಬಹುದಾ? ಹಳೆಯ ಹೆಸರು, ಇಸವಿ ಬರೆದುಕೊಳ್ಳುವ ಆಸೆ.
– ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಖಂಡಿತ ಹೋಗಿ. ಮೊದಲು ನೋಡಿಕೊಳ್ಳುವವರ ಒಪ್ಪಿಗೆ ಕೇಳಿ, ಹೆಂಗಸರು ಒಳಗೆ ಹೋಗುವ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ಕ್ರಮ ಇರುತ್ತದೆ. ಹೊಸ ಮಣ್ಣಿನ ಸಮಾಧಿಯ, ಅಳುತ್ತಿರುವವರ ಫೋಟೋ ತೆಗೆಯಬೇಡಿ. ಬರೆದುಕೊಂಡ ಪಟ್ಟಿಯ ಒಂದು ಪ್ರತಿಯನ್ನು ಅಲ್ಲಿನ ಆಫೀಸಿಗೂ ಕೊಡಿ. ಮುಂದಿನ ಸಲ ದುಬೈಯಿಂದ ಬಂದವರು ಯಾರಾದರೂ ಅಜ್ಜಿಯ ಸಮಾಧಿ ಎಲ್ಲಿದೆ ಎಂದು ಕೇಳಿದಾಗ ಹುಡುಕಲು ಸುಲಭ.