ಕುಸ್ತಿ ಆಡಿದವರು ಐಕಿಡೊದಲ್ಲಿ ಮೊದಲು ಯಾವ ಪಟ್ಟು ಕಲಿಯಬೇಕು?

ವಯಸ್ಸು 32, ಹಿಂದೆ ಕುಸ್ತಿ ಆಡಿದ ಮೈ, ಈಗ ಬೆಳಗಾವಿಯಲ್ಲಿ ನೌಕರಿ, ಜಪಾನಿನ ಸಮರಕಲೆ ಐಕಿಡೊದಲ್ಲಿ ಮೊಣಕೈ ಹಿಡಿಯೋ ಇಕ್ಕ್ಯೊ ಮೊದಲೋ, ಮಣಿಕಟ್ಟು ಹೊರಳಿಸೋ ಕೊತೆಗಾಯೆಶಿ ಮೊದಲೋ ಅನ್ನೋ ಅನುಮಾನ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಬಲ ಮಣಿಕಟ್ಟು ಚುರ್ ಅಂತು.

ನನ್ನದು ಮುಧೋಳದ ಕಡೆಯ ಹಳ್ಳಿ. ಗರಡಿಯ ಕೆಂಪು ಮಣ್ಣಲ್ಲೇ ಬೆಳೆದವನು, ಜಾತ್ರೆ ಕಣದಲ್ಲಿ ಒಮ್ಮೆ ಬೆಳ್ಳಿ ಕಡಗವನ್ನೂ ಗೆದ್ದವನು. ಬೆಳಗಾವಿಗೆ ಬಂದ ಮೇಲೆ ಟಿಳಕವಾಡಿಯಲ್ಲಿ ಭಾನುವಾರ ನಡೆಯುತ್ತಿದ್ದ ಒಂದು ಸಣ್ಣ ಐಕಿಡೊ ಕ್ಲಾಸಿಗೆ ಸೇರಿದೆ. ಏಳೆಂಟು ಜನ, ನೀಲಿ ಮ್ಯಾಟು, ಹೊರಗೆ ಜುಲೈ ಮಳೆ. ಮೊದಲ ಎರಡು ವಾರ ಸರ್ ಬರೀ ಬೀಳೋದನ್ನೇ ಹೇಳಿಕೊಟ್ಟರು. ಅದಕ್ಕೆ ಉಕೆಮಿ ಅಂತಾರೆ. ನಾನು ಮನಸ್ಸಲ್ಲೇ ನಕ್ಕೆ. ಬೀಳೋದನ್ನು ಪೈಲ್ವಾನನಿಗೆ ಕಲಿಸ್ತಾರಾ?

ಮೂರನೇ ವಾರ ಕೊತೆಗಾಯೆಶಿ. ಎದುರಿಗೆ ಐವತ್ತೈದು ಕೆಜಿಯ ಒಬ್ಬ ಕಾಲೇಜು ಹುಡುಗ. ಅವನು ನನ್ನ ಬಲಗೈ ಹಿಡಿದ. ಹಿಂಗೈ ಮೇಲೆ ಹೆಬ್ಬೆರಳು ಒತ್ತಿ, ನನ್ನ ಬೆರಳುಗಳನ್ನು ನನ್ನ ಕಡೆಗೇ ಮಡಚಿ, ಹೊರಕ್ಕೆ ಹೊರಳಿಸಿದ. ಜೋರೇನೂ ಹಾಕಿರಲಿಲ್ಲ ಪಾಪ, ಪಾಠದ ವೇಗದಲ್ಲೇ ಮಾಡ್ತಿದ್ದ.

ಇಲ್ಲೇ ನಾನು ಎಡವಿದ್ದು. ಕೈ ಬಲಕ್ಕೆ ಹೊರಳಿದಾಗ ಮೈಯೂ ಅದರ ಹಿಂದೆಯೇ ಹೋಗಿ, ಬಲಕ್ಕೆ, ಹಿಂದಕ್ಕೆ ಬೀಳಬೇಕು. ಬೆನ್ನು ನೆಲಕ್ಕೆ ತಾಗಬೇಕು. ಆದರೆ ಹದಿಮೂರನೇ ವಯಸ್ಸಿನಿಂದ ನನ್ನ ಮೈಗೆ ಗೊತ್ತಿದ್ದದ್ದು ಒಂದೇ: ಬೆನ್ನಿಗೆ ಮಣ್ಣು ಹತ್ತಿದರೆ ಚಿತ್, ಕುಸ್ತಿ ಮುಗೀತು. ಬೆನ್ನು ಕೆಳಗೆ ಹೋಗ್ತಿದೆ ಅಂತ ಅನಿಸಿದ ಕೂಡಲೇ ಎಡಕ್ಕೆ ಹೊರಳಿ ಬೋರಲು ಬೀಳಲು ನೋಡಿದೆ. ನಾನು ಯೋಚಿಸಿ ಮಾಡಿದ್ದಲ್ಲ, ಮೈಯೇ ಮಾಡಿತು. ಒದ್ದೆ ಬಟ್ಟೆ ಹಿಂಡುವಾಗ ಎರಡು ಕೈ ಎರಡು ಕಡೆ ತಿರುಗುತ್ತವಲ್ಲ, ಮಧ್ಯದ ಆ ಬಟ್ಟೆ ನನ್ನ ಮಣಿಕಟ್ಟು. ಹಸಿ ಕಬ್ಬು ಮುರಿದಂಥ ಸಪ್ಪಳ ಬಂತು. ಆ ಹುಡುಗ ನನಗಿಂತ ಜಾಸ್ತಿ ಹೆದರಿದ.

ತಪ್ಪಿಸಿಕೊಳ್ಳೋ ದಾರಿ ಇರಲಿಲ್ಲ ಅಂತಲ್ಲ. ನೋವು ಶುರುವಾದ ತಕ್ಷಣ ಮ್ಯಾಟ್ ಮೇಲೋ ನಿಮ್ಮ ತೊಡೆ ಮೇಲೋ ಎರಡು ಸಲ ಬಡಿದರೆ ಎದುರಿನವನು ಬಿಡಲೇಬೇಕು. ಮೊದಲ ದಿನವೇ ಇದನ್ನು ಹೇಳಿದ್ದರು. ನಾನು ಬಡಿಯಲಿಲ್ಲ. ಅಷ್ಟು ಸಣ್ಣ ಹುಡುಗನ ಮುಂದೆ ಸೋಲೊಪ್ಪೋದಾ ಅಂತ. ಕಿರುಬೆರಳ ಕಡೆಯ ಲಿಗಮೆಂಟ್ ಹರಿದಿತ್ತು. ಆರು ವಾರ ಪ್ಲಾಸ್ಟರ್, ಆಮೇಲೆ ತಿಂಗಳುಗಟ್ಟಲೆ ಎಡಗೈಲಿ ಬೈಕ್ ಸ್ಟ್ಯಾಂಡ್ ಎಳೆಯೋ ಸರ್ಕಸ್ಸು. ಈಗಲೂ ಮಳೆಗಾಲದಲ್ಲಿ ರೊಟ್ಟಿ ಹಿಟ್ಟು ನಾದಲು ಕೂತರೆ ನೋಯುತ್ತದೆ.

ಪ್ಲಾಸ್ಟರ್ ಹಾಕಿಕೊಂಡು ಊರಿಗೆ ಹೋದಾಗ ಗರಡಿಯ ವಸ್ತಾದರು ಕೈ ನೋಡಿ ಅಂದಿದ್ದು: “ಬೆನ್ನಿಗೆ ಮಣ್ಣು ಹತ್ತಲಿಲ್ಲ, ಕೈ ಮುರಕೊಂಡು ಬಂದಿ. ಶಾಣ್ಯಾ ಅದಿ ಬಿಡಪಾ.”

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣೋದಿಲ್ಲ. ಯಾವ ಪಟ್ಟು ಮೊದಲು ಅನ್ನೋದನ್ನು ಬಿಡಿ. ಇಕ್ಕ್ಯೊ ಮೊಣಕೈ ಹಿಡಿತ, ನಿಕ್ಯೊ ಮಣಿಕಟ್ಟನ್ನು ಒಳಕ್ಕೆ ತಿರುಚೋದು, ಶಿಹೊನಾಗೆ ಕೈಯನ್ನು ಹೆಗಲ ಹಿಂದಕ್ಕೆ ಮಡಚಿ ಕೆಡವೋದು. ಎಲ್ಲದರಲ್ಲೂ ಅರ್ಧ ಹೊತ್ತು ನೀವು ಕೆಡವುವವರಲ್ಲ, ಬೀಳುವವರು. ಆ ಪಾತ್ರಕ್ಕೆ ಉಕೆ ಅಂತ ಹೆಸರೇ ಇದೆ. ಮೂರು ತಿಂಗಳು ಬೀಳೋದನ್ನು ಕಲಿಯಿರಿ. ಹಿಂದಕ್ಕೆ ಬೀಳುವಾಗ ಒಂದು ಕಾಲು ಮಡಚಿ, ಕುಂಡೆಯನ್ನು ಹಿಮ್ಮಡಿ ಹತ್ತಿರ ಇಳಿಸಿ, ಗದ್ದ ಎದೆಗೆ ಒತ್ತಿ, ನಿಮ್ಮ ಹೊಕ್ಕುಳ ನೋಡಿಕೊಳ್ಳಿ. ಮುಂದಕ್ಕೆ ಉರುಳುವಾಗ ಅಂಗೈಯ ಅಂಚು, ಮುಂಗೈ, ಹೆಗಲ ಹಿಂಭಾಗ, ಅಲ್ಲಿಂದ ಬೆನ್ನ ಮೇಲೆ ಓರೆಯಾಗಿ ಇನ್ನೊಂದು ಬದಿಯ ಸೊಂಟ. ತಲೆ ನೆಲಕ್ಕೆ ತಾಗಲೇಬಾರದು. ಜೊತೆಗೆ ಹೆಜ್ಜೆ: ಇರಿಮಿ ಅಂದರೆ ಎದುರಿನವನ ಪಕ್ಕಕ್ಕೆ ಒಳನುಗ್ಗೋದು, ತೆಂಕಾನ್ ಅಂದರೆ ಮುಂಗಾಲಿನ ಮೇಲೆ ಅರ್ಧ ಸುತ್ತು ತಿರುಗೋದು. ಇವೆರಡು ಬಂದರೆ ಪಟ್ಟುಗಳು ತಾವೇ ಹಿಂದೆ ಬರುತ್ತವೆ.

ಕುಸ್ತಿ ಆಡಿದವರಿಗೆ ಬೇಗ ಬರುತ್ತಾ ಅಂತ ಕೇಳಿದ್ದೀರಿ. ಗಟ್ಟಿ ಕುತ್ತಿಗೆ, ದಮ್ಮು ಉಪಯೋಗಕ್ಕೆ ಬರುತ್ತವೆ. ಉಳಿದದ್ದೆಲ್ಲ ಅಡ್ಡವೇ.

ವಯಸ್ಸಿನ ಚಿಂತೆ ಸುಮ್ನೆ. ಐಕಿಡೊ ಕಟ್ಟಿದ ಮೊರಿಹೆಯಿ ಉಯೆಶಿಬಾ ಹುಟ್ಟಿದ್ದು 1883ರಲ್ಲಿ. 1915ರಲ್ಲಿ ಹೊಕ್ಕಾಯ್ಡೊದಲ್ಲಿ ತಕೇದಾ ಸೊಕಾಕು ಅವರ ಕೈಯಲ್ಲಿ ದೈತೊ-ರ್ಯು ಅನ್ನೋ ಜೂಜುತ್ಸು ಪದ್ಧತಿ ಕಲಿಯಲು ಶುರು ಮಾಡಿದಾಗ ಅವರಿಗೂ 31. ಹೆಚ್ಚುಕಮ್ಮಿ ನಿಮ್ಮದೇ ವಯಸ್ಸು ಅಲ್ವಾ?

ಯೂಟ್ಯೂಬ್ ನೋಡಿ ಮನೆಯಲ್ಲೇ ಪಟ್ಟು ಕಲಿಯೋದು ಬೇಡ. ಎದುರಿಗೊಂದು ಮೈ ಇಲ್ಲದೆ ಇದು ಬರೋದಿಲ್ಲ. ಯಾವುದೇ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಒಂದು ದಿನ ಮೂಲೆಯಲ್ಲಿ ಕೂತು ನೋಡಿ. ಹೊಸಬರಿಗೆ ಅರ್ಧ ತಾಸಾದರೂ ಬೀಳೋದನ್ನು ಕಲಿಸುತ್ತಿದ್ದರೆ ಸೇರಿ. ನಾನು ಪ್ಲಾಸ್ಟರ್ ಬಿಚ್ಚಿದ ಮೇಲೆ ಮನೆಯ ಮಾಳಿಗೆ ಮೇಲೆ ಎರಡು ಕಂಬಳಿ ಹಾಸಿ, ಹಿಂದಕ್ಕೆ ಬಿದ್ದು ಬಿದ್ದು ಕಲಿತೆ. ಬೆನ್ನು ಕಂಬಳಿಗೆ ತಾಗಿದಾಗ ನಾಚಿಕೆಯಾಗೋದು ನಿಲ್ಲಲು ಸುಮಾರು ನಲವತ್ತು ದಿನ ಹಿಡಿಯಿತು.