ಸಂಪಾದಕರ ಉತ್ತರ: ಪರದೆಗೆ ಸ್ಪ್ರೇ, ಕಿಟಕಿಗೆ ಚಿಲಕ

ಓದುಗರೊಬ್ಬರ ಪತ್ರ: “ಮಗನಿಗೆ ಫ್ಲೂ ಬಂದ ದಿನದಿಂದ ಬೆಳಿಗ್ಗೆ, ಸಂಜೆ ಸೋಫಾ, ಪರದೆ, ಬಾಗಿಲು, ದಿನಪತ್ರಿಕೆ ಎಲ್ಲಕ್ಕೂ ಕ್ರಿಮಿನಾಶಕ ಸ್ಪ್ರೇ ಮಾಡಿದೆ. ಕಿಟಕಿ ಮುಚ್ಚಿಟ್ಟೆ. ಆದರೂ ಎರಡೇ ದಿನಕ್ಕೆ ಮಗಳಿಗೂ ಜ್ವರ ಬಂತು. ವೈರಸ್ ಪ್ಲಾಸ್ಟಿಕ್ ಮೇಲೆ ಮೂರು ದಿನ ಇರುತ್ತದೆ ಎಂದು ಹಿಂದೆ ಓದಿದ್ದೆ. ಈಗ ನೀವು ವಸ್ತುಗಳಿಂದ ಹರಡುವುದು ಕಡಿಮೆ ಎನ್ನುತ್ತೀರಿ. ಯಾವುದನ್ನು ನಂಬಲಿ? ಬ್ಲೀಚ್ ಎಷ್ಟು ಹಾಕಬೇಕು? ನಾನು ತಪ್ಪಿದ್ದೆಲ್ಲಿ?”

ಸೋದರಿ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಫ್ಲೂ ಬಂದವರು ಲಕ್ಷಣ ಕಾಣಿಸಿಕೊಳ್ಳುವ ಸುಮಾರು ಒಂದು ದಿನ ಮುಂಚಿನಿಂದಲೇ ವೈರಸ್ ಹೊರಹಾಕುತ್ತಿರುತ್ತಾರೆ. ತಗುಲಿಸಿಕೊಂಡವರಿಗೆ 1ರಿಂದ 4 ದಿನದೊಳಗೆ ಜ್ವರ ಬರುತ್ತದೆ. ಹಾಗಾಗಿ ನೀವು ಬಾಟಲಿ ಕೈಗೆತ್ತಿಕೊಳ್ಳುವ ಹೊತ್ತಿಗೇ ಮಗಳಿಗೆ ಸೋಂಕು ತಗುಲಿದ್ದಿರಬಹುದು. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಹಳಿದುಕೊಳ್ಳಲೇಬೇಕೆಂದಿದ್ದರೆ, ಕಿಟಕಿ ಮುಚ್ಚಿದ್ದಕ್ಕೆ ಹಳಿದುಕೊಳ್ಳಿ!

ಮೂರು ದಿನದ ಮಾತು ಸುಳ್ಳಲ್ಲ. 2020ರ ಮಾರ್ಚ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಪ್ರಯೋಗದಲ್ಲಿ ಕೋವಿಡ್ ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆ ಕಳೆದರೂ ಸಿಕ್ಕಿತು. ತಾಮ್ರದ ಮೇಲಾದರೆ 4 ಗಂಟೆಗೆ, ರಟ್ಟಿನ ಮೇಲೆ 24 ಗಂಟೆಗೆ ಅದರ ಕಥೆ ಮುಗಿದಿತ್ತು. ತಲೆಬರಹಗಳಿಗೆ 72 ಎಂಬ ಅಂಕಿ ಹಿಡಿಸಿತು. ಪ್ಲಾಸ್ಟಿಕ್ ಮೇಲೆ ವೈರಸ್ ಸುಮಾರು 7 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ ಎಂದು ಅದೇ ಪ್ರಬಂಧ ಹೇಳಿದ್ದು ಯಾರಿಗೂ ಬೇಕಾಗಲಿಲ್ಲ. ಮೂರು ದಿನದಲ್ಲಿ ಹತ್ತು ಸಲ ಅರ್ಧವಾದರೆ ಉಳಿಯುವುದು ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು. ಅದೂ ಪ್ರಯೋಗಾಲಯದಲ್ಲಿ ಸುರಿದ ದೊಡ್ಡ ಪ್ರಮಾಣದಲ್ಲಿ. ಒಬ್ಬರು ಕೆಮ್ಮಿದಾಗ ಅಷ್ಟು ಬೀಳುವುದಿಲ್ಲ ಎಂದು ಎಮ್ಯಾನುಯಲ್ ಗೋಲ್ಡ್‌ಮನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಅದೇ ವರ್ಷ ತಕರಾರೆತ್ತಿದರು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಅಂದಾಜು ಕೊಟ್ಟಿತು: ವೈರಸ್ ಅಂಟಿದ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗುಲುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ.

ನಿಮ್ಮ ಫ್ಲೂ ವಿಷಯಕ್ಕೆ ಬಂದರೆ, 1982ರ ಒಂದು ಅಧ್ಯಯನ ಇಂದಿಗೂ ಓದುವಂತಿದೆ. ಸ್ಟೀಲ್, ಪ್ಲಾಸ್ಟಿಕ್ ಮೇಲೆ ಫ್ಲೂ ವೈರಸ್ 24ರಿಂದ 48 ಗಂಟೆ, ಬಟ್ಟೆ, ಕಾಗದದ ಮೇಲೆ 8ರಿಂದ 12 ಗಂಟೆ ಉಳಿಯಿತು. ಸ್ಟೀಲಿನಿಂದ 24 ಗಂಟೆಯವರೆಗೂ ಕೈಗೆ ದಾಟಿತು. ಟಿಶ್ಯೂ ಕಾಗದದಿಂದ ದಾಟಿದ್ದು 15 ನಿಮಿಷದವರೆಗೆ ಮಾತ್ರ. ಕೈಗೆ ಬಂದ ಮೇಲೆ ಐದು ನಿಮಿಷ ಉಳಿದರೆ ಹೆಚ್ಚು. ಅಂದಮೇಲೆ ದಿನಪತ್ರಿಕೆಗೂ ಪರದೆಗೂ ಸ್ಪ್ರೇ ಹೊಡೆದು ನೀವು ಸಾಧಿಸಿದ್ದೇನು? ಆ ಐದು ನಿಮಿಷದಲ್ಲಿ ಕೈ ಮೂಗಿಗೋ ಕಣ್ಣಿಗೋ ಹೋಗದಿದ್ದರೆ ಸಾಕಿತ್ತು. ಹೋಗಿಯೇ ಹೋಗುತ್ತದೆ ಅನ್ನಿ. ವೈದ್ಯಕೀಯ ವಿದ್ಯಾರ್ಥಿಗಳನ್ನೇ ಗಮನಿಸಿದ ಒಂದು ಅಧ್ಯಯನದಲ್ಲಿ ಅವರು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡಿದ್ದರು.

ನನಗೆ ಬಹಳ ಹಿಡಿಸಿದ ಪ್ರಯೋಗ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಲಿಯಟ್ ಡಿಕ್ ಬಳಗ 1987ರಲ್ಲಿ ಪ್ರಕಟಿಸಿದ್ದು. ನೆಗಡಿ ಬಂದವರನ್ನೂ ಆರೋಗ್ಯವಂತರನ್ನೂ ಒಂದೇ ಕೋಣೆಯಲ್ಲಿ 12 ಗಂಟೆ ಇಸ್ಪೀಟ್ ಆಡಿಸಿದರು. ಆರೋಗ್ಯವಂತರಲ್ಲಿ ಅರ್ಧ ಮಂದಿಗೆ ಕೈ ಮುಖಕ್ಕೆ ಹೋಗದಂತೆ ಕಟ್ಟುಪಟ್ಟಿ ಹಾಕಿದ್ದರು. ಕಟ್ಟು ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ನೆಗಡಿ ಬಂತು. ಆಮೇಲೆ ರೋಗಿಗಳ ಕೈಯಲ್ಲಿ ಅಂಟಂಟಾದ ಎಲೆಗಳನ್ನು ಬೇರೆ ಕೋಣೆಗೆ ಒಯ್ದು, ಇನ್ನೊಂದು 12 ಮಂದಿಗೆ ಕೊಟ್ಟು, ಬೇಕೆಂದೇ ಮೂಗು ಮುಟ್ಟಿಕೊಳ್ಳಲು ಹೇಳಿದರು. ಒಬ್ಬರಿಗೂ ನೆಗಡಿ ಬರಲಿಲ್ಲ. ಅಂದರೆ ಅಲ್ಲಿ ನೆಗಡಿ ಹರಡಿದ್ದು ಮುಖ್ಯವಾಗಿ ಕೋಣೆಯ ಗಾಳಿಯಿಂದ, ಎಲೆಗಳಿಂದಲ್ಲ.

ಹಾಗೆಂದು ವಸ್ತುಗಳ ಪಾತ್ರವೇ ಇಲ್ಲವೆಂದಲ್ಲ. ಕೂಸುಗಳ ಉಸಿರಾಟವನ್ನು ಕಾಡುವ ಆರ್‌ಎಸ್‌ವಿ ಎಂಬ ವೈರಸ್ ಬಗ್ಗೆ 1981ರಲ್ಲಿ ನಡೆದ ಪ್ರಯೋಗದಲ್ಲಿ ಸೋಂಕಿತ ಕೂಸಿನಿಂದ ದೂರ ಕುಳಿತ 14 ಮಂದಿಯಲ್ಲಿ ಯಾರಿಗೂ ತಗುಲಲಿಲ್ಲ. ಕೂಸು ಇಲ್ಲದಾಗ ಅದರ ತೊಟ್ಟಿಲು, ಆಟಿಕೆಗಳನ್ನು ಮುಟ್ಟಿದ 10 ಮಂದಿಯಲ್ಲಿ ನಾಲ್ವರಿಗೆ ತಗುಲಿತು. ಒಪ್ಪಿದೆ. ಆದ್ದರಿಂದ ಒರೆಸಿ, ಆದರೆ ಕೈ ಮುಟ್ಟುವುದನ್ನು ಮಾತ್ರ: ಬಾಗಿಲ ಹಿಡಿ, ಫ್ರಿಜ್ ಹಿಡಿ, ನಲ್ಲಿ, ಫ್ಲಷ್ ಗುಂಡಿ, ಸ್ವಿಚ್, ರಿಮೋಟ್, ಫೋನ್. ಗೋಡೆ, ನೆಲ, ಪರದೆ ಬಿಟ್ಟುಬಿಡಿ.

ಒರೆಸುವುದಕ್ಕೂ ಕ್ರಮವಿದೆ. ಬಟ್ಟೆಯನ್ನು ಎರಡು ಸಲ ಮಡಚಿ ನಾಲ್ಕು ಪದರ ಮಾಡಿದರೆ, ತಿರುವಿ ಬಿಚ್ಚುತ್ತ ಹೋದಂತೆ ಎಂಟು ಶುಭ್ರ ಮುಖ ಸಿಗುತ್ತವೆ. ಒಂದೊಂದು ಹಿಡಿಗೆ ಒಂದೊಂದು ಮುಖ. ಕೊಳೆ ಕಡಿಮೆ ಇರುವ ಕಡೆಯಿಂದ ಶುರು ಮಾಡಿ, ಫ್ಲಷ್ ಗುಂಡಿ ಕೊನೆಗೆ. ಒಂದೇ ಮುದ್ದೆ ಬಟ್ಟೆಯಿಂದ ಮನೆಯೆಲ್ಲ ಒರೆಸಿದರೆ ನಲ್ಲಿಯ ಮೇಲಿದ್ದದ್ದನ್ನು ಫ್ರಿಜ್‌ಗೆ ನೀವೇ ಹಚ್ಚಿದಂತೆ. ಮೊದಲು ಸಾಬೂನು ನೀರು, ಏಕೆಂದರೆ ಜಿಡ್ಡು, ಕೊಳೆ ಇದ್ದಲ್ಲಿ ಬ್ಲೀಚ್ ಅದರ ಮೇಲೇ ಖರ್ಚಾಗಿಬಿಡುತ್ತದೆ. ಎಷ್ಟೋ ಸಲ ಅಷ್ಟೇ ಸಾಕು. ಬ್ಲೀಚ್ ಬೇಕೇ ಬೇಕೆಂದರೆ, ಬಾಟಲಿ ಮೇಲೆ 5 ಶೇಕಡಾ ಎಂದಿದ್ದರೆ ಒಂದು ಲೀಟರ್ ತಣ್ಣೀರಿಗೆ 20 ಮಿಲಿಲೀಟರ್. ಬಿಸಿನೀರಲ್ಲಿ ಅದರ ಸತ್ವ ಹೋಗುತ್ತದೆ. ಕೈಗವಸು ಹಾಕಿಕೊಳ್ಳಿ, ದಿನವೂ ಹೊಸದಾಗಿ ಕಲಸಿ, ಒರೆಸಿದ ಜಾಗ ಒಂದು ನಿಮಿಷವಾದರೂ ಒದ್ದೆಯಾಗಿರಲಿ, ಲೋಹವಾದರೆ ಆಮೇಲೆ ನೀರಿನಿಂದ ಒರೆಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ದ್ರವವೂ ಬೇಡ.

ಕೈ ತೊಳೆಯುವಾಗ ನೊರೆಗೈಯಲ್ಲೇ ನಲ್ಲಿಯ ತಿರುಪನ್ನೂ ಉಜ್ಜಿ. ಇಲ್ಲವಾದರೆ 20 ಸೆಕೆಂಡ್ ತೊಳೆದ ಕೈಯಿಂದ ಹಳೆಯ ತಿರುಪನ್ನೇ ಮುಟ್ಟುತ್ತೀರಿ. ಫ್ಲೂ, ಕೋವಿಡ್ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆಯಿದೆ, ಸಾಬೂನು ಅದನ್ನು ಒಡೆಯುತ್ತದೆ. ನೆಗಡಿಯ ರೈನೋವೈರಸ್‌ಗೆ ಆ ಹೊದಿಕೆ ಇಲ್ಲ, ಸ್ಯಾನಿಟೈಸರಿಗೆ ಅದು ಅಷ್ಟು ಸುಲಭಕ್ಕೆ ಮಣಿಯದು. ಉಜ್ಜಿ, ಹರಿಯುವ ನೀರಲ್ಲಿ ಕಳಿಸಬೇಕು.

ಇನ್ನು ಆ ‘99.9 ಶೇಕಡಾ’ ಬಾಟಲಿ. ಅದರ ಹಿಂಬದಿಯ ಸಣ್ಣಕ್ಷರವನ್ನು ಎಂದಾದರೂ ಓದಿದ್ದೀರಾ? ಇಷ್ಟು ನಿಮಿಷ ಒದ್ದೆಯಾಗಿ ಬಿಡಬೇಕು ಎಂದಿರುತ್ತದೆ, ಕೆಲವದರಲ್ಲಿ ಹತ್ತು ನಿಮಿಷ. ಜಾಹೀರಾತಿನಲ್ಲಿ ಚುಸ್ ಎನ್ನಿಸಿ ಮರುಕ್ಷಣ ಒರೆಸುತ್ತಾರೆ. ಮಾರುವವರಿಗೆ ಅದೇ ಬೇಕು, ಕಿಟಕಿ ತೆರೆದರೆ ಯಾರಿಗೂ ಲಾಭವಿಲ್ಲ ನೋಡಿ. ದೊಡ್ಡವರೂ ಕಡಿಮೆಯಿಲ್ಲ. ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲಿ ಅಡಿಗೆರೆ ಎಳೆದಂತೆ ಸಾರಿತ್ತು. ಅದರಿಂದ ಹಿಂದೆ ಸರಿಯಲು ಹಿಡಿದ ಕಾಲದಲ್ಲಿ ಜಗತ್ತು ಎಷ್ಟು ಲಿಫ್ಟ್ ಗುಂಡಿ ಒರೆಸಿತೋ! ಈಗಲೂ ಗಾಜು ಜಡಿದು, ತೆರೆಯುವ ಕಿಟಕಿ ಒಂದೂ ಇಲ್ಲದ ಕಟ್ಟಡ ಕಟ್ಟಿ, ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟು ಕೈತೊಳೆದುಕೊಳ್ಳುವವರಿಗೆ ಬರವಿಲ್ಲ.

ಮಗನ ಕೋಣೆಯಲ್ಲಿ ಎದುರುಬದುರಾಗಿ ಎರಡು ಕಿಟಕಿ ತೆಗೆಯಿರಿ. ಒಂದೇ ಇದ್ದರೆ ಅದರತ್ತ ಮುಖ ಮಾಡಿ ಫ್ಯಾನ್ ಇಟ್ಟು ಗಾಳಿಯನ್ನು ಹೊರಕ್ಕೆ ತಳ್ಳಿ. ಒಳಗೆ ಹೋಗುವಾಗ ಸರಿಯಾಗಿ ಕೂರುವ ಮಾಸ್ಕ್ ಇರಲಿ. ಫೋನಿಗೆ ಬ್ಲೀಚ್ ಬೇಡ. ಆಫ್ ಮಾಡಿ, 70 ಶೇಕಡಾ ಆಲ್ಕೋಹಾಲಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯಿಂದ ಒರೆಸಿ. ಹಾಸಿಗೆ ಬಟ್ಟೆಯನ್ನು ಕೊಡವದೆ ಮಡಚಿಕೊಂಡು ಹೋಗಿ ಎಂದಿನ ಸಾಬೂನಿನಲ್ಲೇ ಒಗೆದು, ಪೂರ್ತಿ ಒಣಗಿಸಿ.