ಚುಕ್ಕೆ ಬಂದರೆ ಡ್ರೈವರ್ ಮೇಲೆ ಗೂಬೆ ಕೂರಿಸಬೇಡಿ

ಪ್ರಶ್ನೆ: ಅಪ್ಪ-ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಬೇಕು. ಹಳೇ ಬಿಟಿ878 ಚಿಪ್ಪಿನ ಟಿವಿ ಕಾರ್ಡ್ ಇದೆ, ಲಿನಕ್ಸ್ ಹಾಕಿದ್ದೇನೆ. ಕಾರ್ಡ್ ಕಾಣಿಸುತ್ತದೆ, ಪರದೆ ತುಂಬ ಮಾತ್ರ ಬರೀ ಚುಕ್ಕೆ. ಅಂಗಡಿಯವರು ಡ್ರೈವರ್ ಹೋಗಿದೆ ಅಂತಾರೆ. ಏನು ಮಾಡಲಿ ಸರ್?

ಉತ್ತರ: ಈ ವರ್ಷ ಎಷ್ಟನೇ ಸಲವೋ ಇದು! ಡ್ರೈವರ್ ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಹೋಗೋಕೆ ಅದೇನು ಬಲ್ಬೇ? ಕಾರ್ಡ್ ಕಾಣಿಸುತ್ತಿದೆ ಎಂದರೆ ಅದರ ಡ್ರೈವರ್ ಬಿಟಿಟಿವಿ (bttv) ಎದ್ದು ಕೂತಿದೆ. ಅದು ನೋಡುತ್ತಿರುವುದು ಇನ್‌ಪುಟ್ 0, ಅಂದರೆ ಸಿಗ್ನಲ್ ಒಳಬರುವ ಮೊದಲ ದಾರಿ. ಟಿವಿ ಕಾರ್ಡುಗಳಲ್ಲಿ ಸಾಮಾನ್ಯವಾಗಿ 0 ಟ್ಯೂನರ್, 1 ಕಾಂಪೊಸಿಟ್ (ಇಡೀ ಚಿತ್ರ ಒಂದೇ ತಂತಿಯಲ್ಲಿ), 2 ಎಸ್-ವಿಡಿಯೊ. ನಿಮ್ಮ ವಿಸಿಆರ್‌ನ ಹಳದಿ ವೈರು ಕಾಂಪೊಸಿಟ್‌ನಲ್ಲಿದೆ. ಆಂಟೆನಾ ಇಲ್ಲದ ಟ್ಯೂನರ್ ಚುಕ್ಕೆ ಬಿಟ್ಟು ಇನ್ನೇನು ತೋರಿಸೀತು?

ಟರ್ಮಿನಲ್‌ನಲ್ಲಿ ವಿ4ಎಲ್2-ಸಿಟಿಎಲ್ (v4l2-ctl) ಕಮಾಂಡಿಗೆ ಲಿಸ್ಟ್-ಇನ್‌ಪುಟ್ಸ್ (--list-inputs) ಎಂದು ಕೊಡಿ, ಪಟ್ಟಿ ಬರುತ್ತದೆ. ಆಮೇಲೆ ಸೆಟ್-ಇನ್‌ಪುಟ್=1 (--set-input=1). ಪಟ್ಟಿಯಲ್ಲಿ 'ನೋ ಸಿಗ್ನಲ್' ಎಂದು ಕಂಡರೆ ಗಾಬರಿ ಬೇಡ, ಸದ್ಯ ಆರಿಸಿರುವ ಇನ್‌ಪುಟ್ಟಿಗೆ ಮಾತ್ರ ಆ ಮಾತು ಲೆಕ್ಕ. ಇನ್‌ಪುಟ್ ಮೊದಲು ಆರಿಸಿ, ಪಾಲ್ (PAL) ಎಂಬ ವಿಡಿಯೊ ಸ್ಟ್ಯಾಂಡರ್ಡ್ ಆಮೇಲೆ. ಇನ್‌ಪುಟ್ ಬದಲಾದಾಗ ಸ್ಟ್ಯಾಂಡರ್ಡ್ ಕೂಡ ಬದಲಾಗಬಹುದು. ನಮ್ಮ ಕ್ಯಾಸೆಟ್ 625 ಗೆರೆಯ ಪಾಲ್. ಅಮೆರಿಕದಿಂದ ಚಿಕ್ಕಮ್ಮ ಕಳಿಸಿದ್ದಾದರೆ 525ರ ಎನ್‌ಟಿಎಸ್‌ಸಿ. ತಪ್ಪಿದರೆ ಚಿತ್ರ ಉರುಳುತ್ತದೆ. ಇಷ್ಟೆಲ್ಲ ಮಾಡಿ ಚಿತ್ರ ನೋಡಲು ವಿಎಲ್‌ಸಿ ಪ್ಲೇಯರ್ ತೆರೆದಾಗ ಅದು ತನ್ನದೇ ಇನ್‌ಪುಟ್ ನಂಬರ್ ಹಾಕಿಕೊಳ್ಳಬಹುದು, ಅಲ್ಲೂ ನೋಡಿ.

ಇದಕ್ಕೂ ಬಗ್ಗದಿದ್ದರೆ ಡ್ರೈವರ್ ನಿಮ್ಮ ಕಾರ್ಡನ್ನು ತಪ್ಪಾಗಿ ಗುರುತಿಸಿರಬಹುದು. ಯಾವ ತೂತು ಚಿಪ್ಪಿನ ಯಾವ ಪಿನ್ನಿಗೆ ಎಂಬ ಲೆಕ್ಕ ಪ್ರತಿ ಮಾಡೆಲ್ಲಿಗೂ ಬೇರೆ. ಅದನ್ನೆಲ್ಲ ಬಿಟಿಟಿವಿ ಒಂದು ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಅಗ್ಗದ ಕಾರ್ಡುಗಳಲ್ಲಿ ಹೆಸರು ಹೇಳುವ ಈಪ್ರಾಮ್ ಎಂಬ ಪುಟ್ಟ ಮೆಮೊರಿ ಚಿಪ್ಪು ಕೂಡ ಎಷ್ಟೋ ಸಲ ಇರುವುದಿಲ್ಲ, ಪಾಪ, ಡ್ರೈವರಿಗೆ ಹೇಗೆ ಗೊತ್ತಾಗಬೇಕು? ಒಂದು ಭಾನುವಾರವಿಡೀ ನಾನೂ ಇದರಲ್ಲೇ ಕಳೆದಿದ್ದೇನೆ: ಪಟ್ಟಿಯಲ್ಲಿ 'ಕಾಂಪೊಸಿಟ್1', ಪರದೆ ಕಪ್ಪು. ವೈರು ಬೇರೆ ಪಿನ್ನಿನಲ್ಲಿತ್ತು. ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) ದಾಖಲೆಯ ಕಾರ್ಡ್‌ಲಿಸ್ಟ್‌ನಲ್ಲಿ ನಿಮ್ಮ ಮಾಡೆಲ್ ಹುಡುಕಿ, 'ಕಾರ್ಡ್=' (card=) ನಂಬರ್ ಕೊಟ್ಟು ಬಿಟಿಟಿವಿ ಮಾಡ್ಯೂಲ್, ಅಂದರೆ ಅದೇ ಡ್ರೈವರನ್ನು, ಮತ್ತೆ ಲೋಡ್ ಮಾಡಿ. ಒಂದೊಂದೇ ನಂಬರ್ ಹಾಕಿ ನೋಡೋಣ ಅನ್ನಬೇಡಿ, ಕಾರ್ಡಿನ ಉಳಿದ ಭಾಗಗಳಿಗೆ ಆದೇಶ ಕೊಡುವ ಜಿಪಿಐಒ ಪಿನ್ನುಗಳನ್ನೂ ಅದೇ ಪಟ್ಟಿ ಆಡಿಸುತ್ತದೆ, ತಪ್ಪು ನಂಬರಿಗೆ ಅವೂ ತಪ್ಪಾಗಿ ಆಡುತ್ತವೆ. ಕಾರ್ಡ್ ಕಳಚಿ ಮೇಲಿನ ಅಕ್ಷರ ಓದಿ.

ಪ್ರಶ್ನೆ: ಎಸ್-ವಿಡಿಯೊ ತೂತಿಗೆ ಅಡಾಪ್ಟರ್ ಹಾಕಿ ಹಳದಿ ವೈರು ಕೊಟ್ಟೆ, ಚಿತ್ರ ಕಪ್ಪು-ಬಿಳುಪು.

ಉತ್ತರ: ಅಲ್ಲಿ ಬೆಳಕಿಗೊಂದು ತಂತಿ, ಬಣ್ಣಕ್ಕೊಂದು ತಂತಿ. ನೀವು ಕೊಟ್ಟಿದ್ದು ಒಂದೇ.

ಪ್ರಶ್ನೆ: ನಾಲ್ಕು ತೂತಿನ ಯುಎಸ್‌ಬಿ ಡಬ್ಬಿಯಲ್ಲಿ ನಾಲ್ಕು ಕ್ಯಾಮೆರಾ ಒಟ್ಟಿಗೆ ರೆಕಾರ್ಡ್ ಆಗುತ್ತವೆಯೇ?

ಉತ್ತರ: ಒಳಗಿರುವ ಚಿಪ್ಪು ಎಸ್‌ಟಿಕೆ1160 ಆದರೆ ಇಲ್ಲ. ಒಮ್ಮೆಗೆ ಒಂದೇ.

ಪ್ರಶ್ನೆ: ಡ್ರೈವರ್ ತಾನೇ ಹುಡುಕಿ ಹಾಕುವ ಆ್ಯಪ್ ದುಡ್ಡು ಕೊಟ್ಟು ತಗೊಳ್ಳಲೇ?

ಉತ್ತರ: ಆ ದುಡ್ಡಿಗೆ ಒಳ್ಳೆಯ ಆರ್‌ಸಿಎ ಕೇಬಲ್ (ಆ ಹಳದಿ ವೈರು) ತನ್ನಿ.